ಐಸ್ ಫ್ಯಾಕ್ಟರಿಯ ಮೂರು ಹಾಡು

ಜುಲೈ 21, ಭಾನುವಾರ
ಹತ್ತಕ್ಕೆ ಬೇಲೆಕೇರಿ ಮುಟ್ಟಿದೆ. ಮೀನುಗಾರಿಕೆ ಬಂದ್, ಹಾಗಾಗಿ ಐಸ್ ಫ್ಯಾಕ್ಟರಿಯೂ ಖಾಲಿ. ದಪ್ಪ ಥರ್ಮಾಕೋಲ್ ಗೋಡೆ — ಹೊರಗಿನ ಮಳೆಯ ಸದ್ದೂ ಒಳಗೆ ಬಾರದು. ಇಂಥ ಸ್ಟುಡಿಯೋ ಕಾರವಾರದಲ್ಲೂ ಇಲ್ಲ. ಮೀನಿನ ವಾಸನೆ ಫ್ರೀ.

ನಮ್ಮ ಮೆಟಲ್ ಬ್ಯಾಂಡಿನ ಮೊದಲ ರೆಕಾರ್ಡು. ಮೂರೇ ಹಾಡು. ಅಂಕೋಲೆಯ ಸಂದೇಶ ಡ್ರಮ್ಸ್, ನಾನು ಗಿಟಾರ್, ಕಿಶನ ಹಾಡುವವನು. ಹಾಡುವುದೇನು, ಅರಚುವುದು! ಆಗಸ್ಟ್ ಒಂದಕ್ಕೆ ಮೀನಿಗೆ ಬೋಟು ಹತ್ತಿದನೆಂದರೆ ಆಸಾಮಿ ಕೈಗೆ ಸಿಗುವುದಿಲ್ಲ. ಅದರೊಳಗೆ ಮುಗಿಯಬೇಕು. ಪ್ರತಿ ಟೇಕಿಗೂ ಮುಂಚೆ ಮೈಕಿನಲ್ಲಿ ಮನೆಯಲ್ಲಿರುವ ತಾಯಿಯನ್ನು ಕೂಗುವ ಅವನದೊಂದು ತಮಾಷೆ — "ಆಯೇ, ಚಾ ಇಡೇ, ಗಂಟಲು ಹರದೋಯ್ತು." ಸಂದೇಶ ನಕ್ಕು ನಕ್ಕು ಕೋಲು ಬೀಳಿಸುತ್ತಾನೆ. ಟೈಮ್ ವೇಸ್ಟ್. ಇಬ್ಬರಿಗೂ ಬೈದೆ.

ಜುಲೈ 30
ಮೂರೂ ಮುಗಿಯಿತು. ಲ್ಯಾಪ್‌ಟಾಪ್ ಫುಲ್. ಟೇಕುಗಳ ಹಿಂದುಮುಂದಿನ ಹರಟೆ, ನಗು, ಕೆಮ್ಮು ಎಲ್ಲ ಕತ್ತರಿಸಿ ತೆಗೆದೆ. ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಈಗ ನೀಟ್.

ಆಗಸ್ಟ್ 6
ಬೋಟು ಅಳಿವೆಯ ಬಾಯಲ್ಲಿ ಮಗುಚಿದೆ. ನಾಲ್ವರು ಈಜಿ ಬಂದರು. ಕಿಶನ ಇಲ್ಲ.

ಆಗಸ್ಟ್ 8
ಹಾರವಾಡದ ದಂಡೆಯಲ್ಲಿ ಸಿಕ್ಕಿದ. ಬರೆಯಲಾಗುತ್ತಿಲ್ಲ...

ಆಗಸ್ಟ್ 25, ಮಧ್ಯಾಹ್ನ
ಕಿಶನನ ಆಯಿ ಕರೆಸಿದ್ದರು.

"ಉಮೇಶಾ, ಅವನ ಸ್ವರ ನಿನ್ನ ಹತ್ರ ಉಂಟು ಹೇಳಿ ಸಂದೇಶ ಹೇಳ್ದ. ಒಂದ್ಸಲ ಕೇಳ್ಸು ಮಗಾ."

ಅವನ ಫೋನು ಸಮುದ್ರದ ಪಾಲು. ವಾಟ್ಸಾಪಿನಲ್ಲಿ ನಮಗೆಲ್ಲ ಕಳಿಸಿದ್ದು ಬರೀ ಇಮೋಜಿ. ಹೆಡ್‌ಫೋನ್ ಹಾಕಿ ಮೊದಲ ಹಾಡು ಕೇಳಿಸಿದೆ. ಅರ್ಧ ನಿಮಿಷಕ್ಕೇ ಕಿತ್ತು ಕೊಟ್ಟರು.

"ಇದು ನನ್ನ ಮಗ ಅಲ್ಲ. ಅಂವ ಮಾತಾಡಿದ್ದು ಇಲ್ಲನಾ? ನಕ್ಕಿದ್ದು?"

ಇತ್ತು. ನಾನೇ ಅಳಿಸಿದೆ. ಹೇಳಲು ಧೈರ್ಯ ಬರಲಿಲ್ಲ. ಹುಡುಕುತ್ತೇನೆ ಅಂದೆ.

ಆಗಸ್ಟ್ 31
ಕಂಪ್ಯೂಟರ್ ರಿಪೇರಿಯವನು ಎರಡು ದಿನ ಲ್ಯಾಪ್‌ಟಾಪ್ ಇಟ್ಟುಕೊಂಡ. ಅದೇ ಜಾಗದ ಮೇಲೆ ಬೇರೆ ಫೈಲ್ ಕೂತಿದೆ, ಇನ್ನು ಬರುವುದಿಲ್ಲ ಅಂದ. ಮೂರು ಹಾಡಿನಲ್ಲಿ ಕಿಶನನ ಒಂದು ಸಾದಾ ಮಾತೂ ಉಳಿಸಿಲ್ಲ ನಾನು. ನನ್ನ ಮೇಲೆ ನನಗೇ ಹೇಸಿಗೆ.

ಸೆಪ್ಟೆಂಬರ್ 15
ಹೋಗಿ ಒಪ್ಪಿಕೊಂಡೆ. ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದ್ದದ್ದೇ ಹಾಕು" ಅಂದರು. ಈ ಸಲ ಮೂರೂ ಹಾಡು ಕೇಳಿದರು, ಕಣ್ಣು ಮುಚ್ಚಿಕೊಂಡು.

"ಇಷ್ಟ ಸಿಟ್ಟ ಯಾರ ಮೇಲೆ ಅವನಿಗೆ? ಆ ದಿನ ಗಾಳಿ ಜೋರಿತ್ತು, ಹೋಗುದಿಲ್ಲ ಅಂದಿದ್ದ. ನಾನೇ ಎಬ್ಸಿ ಕಳ್ಸಿದ್ದೆ. ನನ್ನ ಮೇಲನಾ?"

"ಅಲ್ಲ ಆಯಿ, ಹಾಡು ಅದಕ್ಕೂ ಮುಂಚಿಂದು. ಬರದವ ನಾನು. ಚೆಂಡಿಯಾದಲ್ಲಿ ನೇವಿಗೆ ನಮ್ಮ ಜಾಗ ಹೋಯ್ತಲ್ಲ, ಆ ಸಿಟ್ಟು. ಎಲ್ಲಾ ನಂದೇ. ಅಂವ ಬರೀ ಹಾಡಿದ್ದು."

ಸಮಾಧಾನವಾಗಲಿ ಅಂತ ಹೇಳಿದ್ದು. ಆಯಿ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹಂಗಾರೆ ಇದ್ರಲ್ಲಿ ನನ್ನ ಮಗಂದು ಎಂತಾ ಉಂಟು?"