ಪಾಸಾಗಬಾರದಿದ್ದ ನನ್ನ ತಗ್ಗು ಕಾರು

ವಾಹನ ತಪಾಸಣಾಧಿಕಾರಿಗಳೇ,

ಕಳೆದ ತಿಂಗಳು ತಾವು ನನ್ನ ಕಾರನ್ನು ಪಾಸ್ ಮಾಡಿದಿರಿ. ನನ್ನ ದೂರು ಅದೇ. ಫೇಲ್ ಮಾಡಿದ್ದಕ್ಕೆ ಬೈಸಿಕೊಂಡು ತಮಗೆ ಅಭ್ಯಾಸವಿರಬಹುದು. ಪಾಸ್ ಮಾಡಿದ್ದಕ್ಕೆ ಬೈಯುವ ಮೊದಲ ಮೂರ್ಖ ಬಹುಶಃ ನಾನೇ.

ನಾನು ದರ್ಜಿ. ಮೂವತ್ತು ವರ್ಷದಿಂದ ಟೇಪು ಕೊರಳಲ್ಲೇ ಇದೆ, ಅಳತೆಯೇ ನನ್ನ ಹೊಟ್ಟೆಪಾಡು. ಐವತ್ತರ ಹೊಸ್ತಿಲಲ್ಲಿ ನಿಂತವನಿಗೆ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡಬೇಕೆಂಬ ಶೋಕಿ ಯಾಕೆ ಹತ್ತಿತೋ ದೇವರಿಗೇ ಗೊತ್ತು. ಎತ್ತರ ಏರಿಸಿ ಇಳಿಸಬಹುದಾದ ಸಸ್ಪೆನ್ಷನ್ ಹಾಕಿಸಿದೆ. ಸ್ಪ್ರಿಂಗಿನ ಬುಡದಲ್ಲಿ ಉಂಗುರದಂಥ ನಟ್ ಇರುತ್ತದೆ, ಅದನ್ನು ತಿರುಗಿಸಿದರೆ ಕಾರು ಏರುತ್ತದೆ, ಇಳಿಯುತ್ತದೆ. ಮನೆಯಲ್ಲಿ ಮಾತ್ರ, "ಅಕ್ಕನ ಮಂಡಿಗೆ ಸಲೀಸಾಗ್ಲಿ ಅಂತ" ಎಂದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಅಕ್ಕನಿಗೆ ಮಂಡಿ ಆಪರೇಷನ್ ಆಗಿದೆ. ದಿನಾ ನಾನೇ ಬಿಟ್ಟು ಬರುತ್ತಿದ್ದೆ.

ಮೆಕ್ಯಾನಿಕ್ ಸ್ಪಷ್ಟವಾಗಿ ಹೇಳಿದ್ದ: "ಜಾಕಿಂದ ಇಳಿಸಿದ ಕೂಡ್ಲೆ ಅಳೀಬೇಡಿ ಸಾರ್. ಚಕ್ರ ನೆಲ ಕಚ್ಕೊಂಡು ಗಾಡಿನ ಮೇಲೇ ಹಿಡ್ಕೊಂಡಿರುತ್ತೆ. ಹಿಂದಕ್ಕೆ ಮುಂದಕ್ಕೆ ಒಂದ್ ಹತ್ತು ಹೆಜ್ಜೆ ಉರುಳಿಸಿ, ಕೂತ್ಕೊಳ್ಳಲಿ, ಆಮೇಲೆ ಅಳೀರಿ." ಒಗೆದು ಕುಗ್ಗಿಸದ ಬಟ್ಟೆಗೆ ಕತ್ತರಿ ಹಾಕಬಾರದೆಂದು ಗಿರಾಕಿಗಳಿಗೆ ಉಪದೇಶಿಸುವ ನನಗೆ, ನಿನ್ನೆ ಮೊನ್ನೆಯ ಹುಡುಗ ಅಳತೆ ಕಲಿಸುವುದೇ? ಭಾನುವಾರ ಜಾಕ್ ಹಾಕಿದೆ, ನಟ್ ತಿರುಗಿಸಿದೆ, ಇಳಿಸಿದೆ, ಅಳೆದೆ. ಇಳಿದಿರಲೇ ಇಲ್ಲ! ಮತ್ತೆ ತಿರುಗಿಸಿದೆ. ಹೀಗೆ ಮೂರು ಸಲ. ನಾಲ್ಕೂ ಚಕ್ರಕ್ಕೆ. ಆಮೇಲೆ ಬೀದಿಯ ಕೊನೆಯವರೆಗೆ ಓಡಿಸಿ ಬರುವಷ್ಟರಲ್ಲಿ ಮೂರು ಸಲದ ಇಳಿತವೂ ಒಟ್ಟಿಗೇ ಇಳಿದು ಕಾರು ಕುಕ್ಕರಬಡಿದಿತ್ತು. ಎದುರುಮನೆಯವರು, "ಪಂಕ್ಚರ್ ಆಯ್ತಾ?" ಎಂದರು. "ಇಲ್ಲ, ಹಿಂಗೇ ಬೇಕಿತ್ತು" ಎಂದೆ. ಆ ಒಂದು ಮಾತಿನಿಂದ ಕೆಟ್ಟೆ.

ಮರುದಿನ ಅಕ್ಕ ಹೇಗೋ ಕೂತಳು. ಗ್ರಂಥಾಲಯದ ಮುಂದೆ ಏಳಲಾಗಲಿಲ್ಲ. ಕಾಲು ಊರಿ ಎದ್ದೇಳಲು ಸೀಟು ಎತ್ತರವಿರಬೇಕೆಂಬುದು ಕುರ್ಚಿ ಮಾಡುವ ಬಡಗಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ. ನಾನೂ ಕಾವಲುಗಾರನೂ ಎರಡು ರಟ್ಟೆ ಹಿಡಿದು ಎಳೆದೆವು. ಓದಲು ಬಂದವರೆಲ್ಲ ನಿಂತು ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಮೆಲ್ಲಗೆ, "ಬಾವಿಯಿಂದ ಎತ್ತಿದ ಹಾಗಾಯ್ತಲ್ಲೋ. ಇದನ್ನ ಏರಿಸೋ ಮಾರಾಯ" ಎಂದಳು.

ಏರಿಸಿದ್ದರೆ ಮುಗಿಯುತ್ತಿತ್ತು. ಏರಿಸಿದರೆ ಬೀದಿಯಲ್ಲಿ ನನ್ನ ಮಾನ ಏನಾಗಬೇಕು? "ಆಫೀಸರ್ ತಪ್ಪು ಅಂದ್ರೆ ಏರಿಸ್ತೀನಿ" ಎಂದು ತಮ್ಮ ಅಂಗಳಕ್ಕೆ ಬಂದೆ. ತಮ್ಮ ಸಿಬ್ಬಂದಿ ತಳ ನೋಡಲು ಕಾರನ್ನು ಜಾಕಿನಲ್ಲಿ ಎತ್ತಿದರು, ಇಳಿಸಿದರು, ಇಳಿಸಿದ ಕೂಡಲೇ ಅಳತೆಕೋಲು ಹಿಡಿದರು. ಇನ್ನೂ ಕೂತಿರದ ಕಾರು ನಿಯಮಕ್ಕೆ ಬೇಕಾದಷ್ಟು ಎತ್ತರ ತೋರಿಸಿತು. ನಾನು ಪಕ್ಕದಲ್ಲೇ ಇದ್ದೆ. ನನ್ನದೇ ತಪ್ಪು ಸರ್ಕಾರಿ ಸಮವಸ್ತ್ರ ತೊಟ್ಟು ನಡೆಯುವುದನ್ನು ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಂಡೆ. ತಾವು ಠಪ್ಪೆಂದು ಮೊಹರು ಒತ್ತಿದಿರಿ. ಹೊರಡುವಾಗ ಆ ಅರ್ಹ ವಾಹನ ತಮ್ಮದೇ ಗೇಟಿನ ಉಬ್ಬಿಗೆ ಹೊಟ್ಟೆ ಉಜ್ಜಿ ಕಿರುಚಿತು. ತಾವು ತಲೆ ಎತ್ತಲಿಲ್ಲ. ತಮ್ಮ ಅಂಗಳದಲ್ಲಿ ಹತ್ತು ಹೆಜ್ಜೆಗೆ ಜಾಗವಿಲ್ಲವೇ ಸ್ವಾಮಿ? ಅಥವಾ ಅಳೆಯುವುದು ಕಾರನ್ನಲ್ಲ, ಜಾಕನ್ನೋ?

ಆ ಕಾಗದವನ್ನು ಅಕ್ಕನ ಮುಂದೆ ಹಿಡಿದು ಬೀಗಿದೆ. "ನೋಡು, ಸರ್ಕಾರವೇ ಒಪ್ಪಿದೆ."

"ಸರ್ಕಾರಕ್ಕೆ ಮಂಡಿ ಇಲ್ಲ ಕಣೋ" ಎಂದವಳೇ ಕೋಲು ತೆಗೆದುಕೊಂಡು ಬಸ್ ಸ್ಟಾಪಿಗೆ ನಡೆದಳು. ಎರಡು ಬಸ್ಸು ಬದಲಿಸಬೇಕು. ಮೂರು ವಾರ ಹಾಗೇ ಹೋದಳು. ನಾನು ಅಂಗಡಿಯಲ್ಲಿ ಕೂತು ಗುಂಡಿ ಹೊಲಿದೆ. ಹೋದ ಗುರುವಾರ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಹಣೆಗೆ ಆರು ಹೊಲಿಗೆ. ಮಂಡಿ ದೇವರ ದಯೆಯಿಂದ ಉಳಿಯಿತು. ದಿನವಿಡೀ ಹೊಲಿಯುವ ನನಗೆ ಆ ಆರನ್ನು ನೋಡಲಾಗಲಿಲ್ಲ, ಎದ್ದು ಹೊರಗೆ ಬಂದೆ.

ಆದ್ದರಿಂದ ನನ್ನ ಅರ್ಹತಾ ಪತ್ರವನ್ನು ಈ ಕೂಡಲೇ ರದ್ದುಪಡಿಸಿ. ಜಾಕಿನಿಂದ ಇಳಿಸಿದ ಪ್ರತಿ ವಾಹನವನ್ನೂ ಹತ್ತು ಹೆಜ್ಜೆ ಉರುಳಿಸಿಯೇ ಅಳೆಯತಕ್ಕದ್ದು ಎಂದು ತಮ್ಮ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ನಿನ್ನೆ ಮೆಕ್ಯಾನಿಕ್ಕನ ಕಾಲು ಹಿಡಿಯುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡಿ ಕಾರನ್ನು ಏರಿಸಿಕೊಂಡು ಬಂದಿದ್ದೇನೆ. ಇಡೀ ಬೀದಿ ನೋಡಿತು, ನೋಡಲಿ.

ತಮಗೊಬ್ಬರಿಗೇ ಬರೆಯದೆ ಪತ್ರಿಕೆಗೆ ಕಳಿಸಿದ್ದೇಕೆಂದು ಕೇಳುತ್ತೀರಾ? ತಮ್ಮ ಕಚೇರಿಯ ಕಡತವನ್ನು ಅಕ್ಕ ಓದುವುದಿಲ್ಲ, ಪತ್ರಿಕೆ ಓದುತ್ತಾಳೆ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ಅಕ್ಕಾ, ಕಾರನ್ನ ನಿನ್ನ ಮಂಡಿಗೆ ಅಂತ ಇಳಿಸಿದ್ದಲ್ಲ, ನನ್ನ ಶೋಕಿಗೆ ಇಳಿಸಿದ್ದು. ತಪ್ಪಾಯ್ತು. ಸೋಮವಾರ ಬಸ್ಸಿಗೆ ಹೋಗಬೇಡ.

ಇಂತಿ,
ತಮ್ಮ ಪರೀಕ್ಷೆಯಲ್ಲಿ ಪಾಸಾಗಿ, ಅಕ್ಕನ ಉತ್ತರಕ್ಕೆ ಕಾದಿರುವ
ಒಬ್ಬ ದರ್ಜಿ