ಎರಡೂ ಎಡ ತೋಳು

ಜೂನ್ 4, ಮಂಗಳವಾರ. ಬೆಳಗ್ಗೆ 5.50

ನಿನ್ನೆ ಇಪ್ಪತ್ತಮೂರರವರೆಗೆ ಎಣಿಸಿದೆ. ಇವರ ಉಸಿರು ನಿಂತಾಗ ಎಣಿಸುವುದು ನನಗೀಗ ಅಭ್ಯಾಸವೇ ಆಗಿಬಿಟ್ಟಿದೆ. ಮೊದಲು ಗೊರಕೆ, ಗೋಡೆ ಅದುರುವಷ್ಟು. ಆಮೇಲೆ ಒಮ್ಮೆಗೇ ಸದ್ದಿಲ್ಲ. ಒಂದು, ಎರಡು, ಮೂರು... ಇಪ್ಪತ್ತು ದಾಟಿದರೆ ಅಡಿಪಟ್ಟಿಯಿಂದ ತಿವಿಯುತ್ತೇನೆ. ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಹಳೇ ಮರದ ಅಡಿಪಟ್ಟಿ, ದಿಂಬಿನ ಕೆಳಗೇ ಇರುತ್ತದೆ. ನಿನ್ನೆ ತಿವಿಯುವ ಮೊದಲೇ ಗಕ್ಕನೆ ಉಸಿರೆಳೆದುಕೊಂಡರು, ನೀರಿನಿಂದ ತಲೆ ಎತ್ತಿದವರ ಹಾಗೆ. ಎಚ್ಚರವಾಗಲಿಲ್ಲ. ಮಗ್ಗುಲಾಗಿ ಮತ್ತೆ ಶುರು.

ಈಗ ಹಲ್ಲುಜ್ಜುತ್ತಾ ಹೇಳುತ್ತಿದ್ದಾರೆ — "ಎಂಟು ಗಂಟೆ ಮಲಗಿದ್ರೂ ಮೈಯೆಲ್ಲ ಭಾರ ಕಣೇ, ಯಾಕೋ."

ಎಂಟು ಗಂಟೆಯಂತೆ! ಕಾವಲು ಕೂತವಳನ್ನು ಕೇಳಬೇಕು.

ಏಳಕ್ಕೆ ಇವರು ಸ್ಕೂಲ್ ವ್ಯಾನ್ ತೆಗೆಯಬೇಕು. ಹನ್ನೆರಡು ಮಕ್ಕಳು. ಕೀ ಎಲ್ಲಿ ಅಂತ ಮನೆಯೆಲ್ಲ ಹುಡುಕಾಟ. ಜೇಬಿನಲ್ಲೇ ಇತ್ತು.

ಜೂನ್ 7, ಶುಕ್ರವಾರ. ಮಧ್ಯಾಹ್ನ, ಅಂಗಡಿ

ಇವರ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದೆ.

"ಇದು ನಾನಲ್ಲ. ಯಾವ್ದೋ ಲಾರಿ."

"ಲಾರಿ ನಮ್ಮ ಮಂಚದ ಮೇಲೆ ಯಾಕ್ರೀ ಬರುತ್ತೆ?"

ನಕ್ಕರು. ಡಾಕ್ಟರ ಹತ್ತಿರ ಹೋಗೋಣ ಅಂದ ತಕ್ಷಣ ನಗು ಹೋಯಿತು. ಇತ್ತೀಚೆಗೆ ಎಲ್ಲದಕ್ಕೂ ಸಿಡುಕು. ವ್ಯಾನ್ ಓಡಿಸಿದ ಹದಿನೇಳು ವರ್ಷದಲ್ಲಿ ಒಂದು ಮಗುವಿನ ಹೆಸರನ್ನೂ ತಪ್ಪಿ ಕರೆದವರಲ್ಲ, ಈಗ ಸ್ವಂತ ತಮ್ಮನನ್ನೇ ಅವನ ಮಗನ ಹೆಸರಿನಿಂದ ಕೂಗುತ್ತಾರೆ. ಕೊನೆಗೆ ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಹೇಳಿದರು, ನನ್ನ ಮುಖ ನೋಡದೆ. "ಡಾಕ್ಟರು ಏನಾದ್ರೂ ಬರೆದುಕೊಟ್ರೆ ವ್ಯಾನ್ ಕೈಬಿಟ್ಟ ಹಾಗೇ. ವ್ಯಾನ್ ಇಲ್ದಿದ್ರೆ ನಾನು ಏನು ಮಾಡ್ಲಿ ಹೇಳು?"

ಪಾಪ ಅನಿಸಿತು. ಡಾಕ್ಟರ ಮಾತು ಅಲ್ಲಿಗೇ ಬಿಟ್ಟೆ.

ಜೂನ್ 11, ಮಂಗಳವಾರ. ಸಂಜೆ

ಇವತ್ತು ಕೇಳಿದ್ದನ್ನು ಬರೆಯುವುದಕ್ಕೂ ಭಯ. ಆದರೂ ಬರೆಯುತ್ತೇನೆ.

ಅಂಗಡಿಗೆ ಒಬ್ಬ ತಾತ ಚೌಕಳಿ ಬಟ್ಟೆ ತಂದು ಕೋಟಿನ ಅಳತೆ ಕೊಡಲು ಬಂದಿದ್ದರು. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಉಣ್ಣೆ ಬಟ್ಟೆ. ಅವರಣ್ಣ ಕೊಟ್ಟದ್ದಂತೆ. ಅಣ್ಣ ಈಗಿಲ್ಲ. ಜೊತೆಗೆ ಮೊಮ್ಮಗಳು, ಎರಡು ಜುಟ್ಟಿನ ಮಾತಿನಮಲ್ಲಿ. ಇವರ ವ್ಯಾನಿನಲ್ಲೇ ಹೋಗುವವಳು.

"ಆಂಟಿ, ನಮ್ ವ್ಯಾನಲ್ಲಿ ಒಂದು ಆಟ ಇದೆ ಗೊತ್ತಾ? ಸಿಗ್ನಲಲ್ಲಿ ಹಸಿರು ಬಂದ ತಕ್ಷಣ 'ಹಸಿರೂ' ಅಂತ ಕಿರುಚ್ಬೇಕು. ಯಾರು ಮೊದಲು ಅಂಕಲ್‌ನ ಎಬ್ಬಿಸ್ತಾರೋ ಅವ್ರಿಗೆ ನಾಳೆ ಕಿಟಕಿ ಸೀಟು."

"ಎಬ್ಬಿಸೋದಾ?"

"ಹೂಂ. ನಾನು ಈ ವಾರ ಎರಡ್ಸಲ ಗೆದ್ದೆ."

ತಾತನಿಗೆ ಕಿವಿ ಮಂದ, ಕೇಳಿಸಲಿಲ್ಲ. ಟೇಪು ನನ್ನ ಕೈಯಿಂದ ಜಾರಿ ಬಿತ್ತು.

ಮನೆಗೆ ಬಂದವಳೇ ಸಿಗ್ನಲಿನಲ್ಲಿ ಏನು ಮಾಡ್ತೀರಿ ಅಂತ ಇವರನ್ನು ಕೇಳಿದೆ. "ಕಣ್ಣು ಮುಚ್ಚಿರ್ತೀನಿ ಅಷ್ಟೆ, ನಿದ್ದೆ ಎಲ್ಲಿ ಮಾಡ್ತೀನಿ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ — ನಾನು ನಿದ್ದೆ ಅನ್ನುವ ಪದವನ್ನೇ ಎತ್ತಿರಲಿಲ್ಲ. ಶಾಲೆಗೆ ಫೋನ್ ಮಾಡುತ್ತೇನೆ ಅಂದೆ. ನಂಬರನ್ನೂ ಒತ್ತಿದೆ. ಅವರು ನನ್ನ ಬೆರಳನ್ನೇ ನೋಡುತ್ತಾ ನಿಂತರು. ಕಟ್ ಮಾಡಿದೆ. ನಾನೊಬ್ಬಳು ಹೇಡಿ.

ಜೂನ್ 13, ಗುರುವಾರ. ಮಧ್ಯಾಹ್ನ 3

ಎರಡು ರಾತ್ರಿ ಕಣ್ಣು ಮುಚ್ಚಿಲ್ಲ. ಆದರೂ ನನಗೇನೂ ಆಗಿಲ್ಲ. ತಲೆ ಚುರುಕಾಗಿಯೇ ಇದೆ. ತಾತನ ಕೋಟನ್ನು ಊಟದ ಹೊತ್ತಿಗೇ ಕತ್ತರಿಸಿ ಮುಗಿಸಿದೆ. ಚೌಕಳಿಗಳು ಒಂದಕ್ಕೊಂದು ಕೂಡಬೇಕಲ್ಲ, ಅದಕ್ಕೆ ಬಟ್ಟೆ ಮಡಿಸದೆ ಒಂದೊಂದೇ ಪದರ ಕತ್ತರಿಸಬೇಕು. ಮೂರು ಸಲ ನೋಡಿಕೊಂಡೆ. ಇಪ್ಪತ್ತೆರಡು ವರ್ಷದ ಕೈ ಇದು. ನಿದ್ದೆಯಲ್ಲೂ ಕತ್ತರಿ ಓಡಿಸುತ್ತದೆ.

ಅಂಗಡಿಯ ಮಾಸ್ಟರು "ಯಾಕಮ್ಮ ಕಣ್ಣು ಕೆಂಪು?" ಅಂದರು. ಧೂಳು ಅಂದೆ.

ಇವತ್ತು ಬೆಳಗ್ಗೆಯೂ ವ್ಯಾನ್ ಹೋಯಿತು. ನಾಲ್ಕಕ್ಕೆ ಎಲ್ಲ ಮಕ್ಕಳೂ ಇಳಿದ ಮೇಲೆ ಫೋನ್ ಮಾಡಿ ಅಂದಿದ್ದೇನೆ. ಒಂದೊಂದು ಗಂಟೆಯೂ ಒಂದು ದಿನ.

ಜೂನ್ 14, ಶುಕ್ರವಾರ. ಸಂಜೆ 5

ಎರಡೂ ಎಡ ತೋಳು.

ತೋಳಿನ ಪ್ಯಾಟ್ರನ್ ಕಾಗದ ಒಂದು ಸಲ ಇಟ್ಟು ಕತ್ತರಿಸಿ, ಇನ್ನೊಂದು ತೋಳಿಗೆ ಮಗುಚಿ ಇಡಬೇಕು. ಮಗುಚಲಿಲ್ಲ. ಹಾಗೇ ಇಟ್ಟಿದ್ದೇನೆ. ಮೂರು ಸಲ ನೋಡಿದೆನಲ್ಲ, ಮೂರು ಸಲವೂ ಸರಿಯಾಗೇ ಕಂಡಿತ್ತು. ಮಾಸ್ಟರು ಕಚ್ಚಾ ಹೊಲಿಗೆ ಹಾಕಿ ಬೊಂಬೆಗೆ ತೊಡಿಸಿದರು. ಬಲ ತೋಳು ಹಿಂದಕ್ಕೆ ಬಾಗಿಕೊಂಡು ನಿಂತಿತ್ತು.

ಕಲಿಯಲು ಬಂದ ಮೊದಲ ತಿಂಗಳು ಮಾಡುವ ತಪ್ಪು. ಉಳಿದ ಬಟ್ಟೆಯಲ್ಲಿ ಒಂದು ಜೇಬೂ ಆಗುವುದಿಲ್ಲ.

ಮಾಸ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಷ್ಟು ದಿನ ಆಯ್ತಮ್ಮ ಮಲಗಿ?" ಅಂದರು. ಅಲ್ಲೇ ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅವರು ಕತ್ತರಿ ಒರೆಸಿ ಕೆಳಗಿಟ್ಟರು. "ನಿದ್ದೆಗೆಟ್ಟೋರಿಗೆ ತಾವು ನಿದ್ದೆಗೆಟ್ಟಿರೋದೇ ಗೊತ್ತಾಗಲ್ಲ ನೋಡು. ಕುಡಿದೋನು ಕುಡಿದಿಲ್ಲ ಅಂತಾನಲ್ಲ, ಹಾಗೆ. ಕೋಟು ಮನೆಗೆ ತಗೊಂಡು ಹೋಗು."

ಯಾರಿಗೆ ತೋರಿಸಲು ಅಂತ ಗೊತ್ತಾಯಿತು.

ಜೂನ್ 15, ಶನಿವಾರ. ಬೆಳಗ್ಗೆ

ನಿನ್ನೆ ಇವರಿಗೆ ಆ ಕೋಟು ತೊಡಿಸಿದೆ. ಎಡಗೈ ಸರಾಗ ಹೋಯಿತು. ಬಲಗೈ ಹೋಯಿತು, ಆದರೆ ಕೆಳಗಿಳಿಯದು. ಕನ್ನಡಿಯ ಮುಂದೆ ನಿಂತು ಹೊಟ್ಟೆ ಹಿಡಿದು ನಕ್ಕರು. "ಯಾವ ದಡ್ಡ ಕತ್ತರಿಸಿದ್ದು ಇದನ್ನ?"

"ನಾನು."

ನಗು ನಿಂತಿತು.

"ಕಣ್ಣು ತೆರೆದೇ ಇತ್ತು ಕಣ್ರೀ. ಮೂರು ಸಲ ನೋಡಿದೆ. ನಾನು ಚೆನ್ನಾಗೇ ಇದೀನಿ ಅಂತ ಬರೆದೂ ಇಟ್ಕೊಂಡಿದೀನಿ. ಬಟ್ಟೆ ಹಾಳಾಯ್ತು, ತಾತನ ಕಾಲು ಹಿಡ್ಕೊಂಡು ಕ್ಷಮಿಸಿ ಅಂತೀನಿ. ವ್ಯಾನಲ್ಲಿ ನಿಮ್ಮ ಹಿಂದೆ ಇರೋದು ಬಟ್ಟೆ ಅಲ್ಲ."

ಕೋಟು ಬಿಚ್ಚಲಿಲ್ಲ. ಬಲಗೈ ಹಾಗೇ ಹಿಂದಕ್ಕೆ ಬಾಗಿಕೊಂಡಿದ್ದಂತೆ ಮಂಚದ ಮೇಲೆ ಕೂತರು. ಆಗ ಹೇಳಿದರು — ಬೇಸಿಗೆ ರಜೆಗೆ ಮುಂಚೆ ಒಂದು ದಿನ ಸೇತುವೆಯ ಈ ಕಡೆ ಇದ್ದದ್ದು ನೆನಪಿದೆ, ಆ ಕಡೆ ಇದ್ದದ್ದೂ ನೆನಪಿದೆ. ನಡುವೆ ಸೇತುವೆ ನೆನಪಿಲ್ಲ. ಮಕ್ಕಳು ಹಾಡುತ್ತಿದ್ದರಂತೆ. ಅವತ್ತಿನಿಂದ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದರು.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಇಬ್ಬರೂ ಅತ್ತೆವು. ಆಮೇಲೆ ಮೈದುನನಿಗೆ ತಾವೇ ಫೋನ್ ಮಾಡಿದರು. "ನಾಳೆ ಶಾಲೆಗೆ ರಜ. ಸೋಮವಾರದಿಂದ ವ್ಯಾನ್ ನೀನು ಓಡಿಸು. ಶಾಲೆಗೆ ನಾನೇ ಹೋಗಿ ಹೇಳ್ತೀನಿ."

ಜೂನ್ 27, ಗುರುವಾರ

ಇವರ ನಿದ್ದೆಯ ಪರೀಕ್ಷೆ ಆಯಿತು. ತಲೆ ತುಂಬ ವೈರು, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು ಹಾಕಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಗಂಟೆಗೆ ನಲವತ್ತೊಂದು ಸಲ ಉಸಿರು ಕಟ್ಟುತ್ತದಂತೆ.

ಡಾಕ್ಟರಮ್ಮ ಚೆನ್ನಾಗಿ ಬಿಡಿಸಿ ಹೇಳಿದರು. ಮಲಗಿದಾಗ ಗಂಟಲು ಸಡಿಲವಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರಿಲ್ಲ ಅಂತ ಮಿದುಳು ತಾನೇ ಎದ್ದು ತಟ್ಟುತ್ತದೆ. ಅರೆಕ್ಷಣದ ಎಚ್ಚರ, ಬೆಳಗ್ಗೆ ನೆನಪೂ ಇರುವುದಿಲ್ಲ. ರಾತ್ರಿಯೆಲ್ಲ ಹೀಗೇ ಆದರೆ ಆಳವಾದ ನಿದ್ದೆ ಎಲ್ಲಿಂದ ಬರಬೇಕು? ಮರೆವು, ಸಿಡುಕು, ಕಣ್ಣು ತೆರೆದೇ ತೂಕಡಿಕೆ — ಎಲ್ಲ ಅದರಿಂದಲೇ.

"ಅಂದ್ರೆ ಇವರು ನಿದ್ದೇನೇ ಮಾಡಿಲ್ವಾ?"

"ಮಲಗಿದ್ದಾರೆ. ನಿದ್ದೆ ಮಾಡಿದ್ದು ಕಮ್ಮಿ. ನಿಮ್ಮದೂ ಅದೇ ಕಥೆ," ಅಂತ ನನ್ನ ಕಡೆ ತಿರುಗಿದರು. ಇವರು ಗೆದ್ದವರ ಹಾಗೆ ನನ್ನನ್ನು ನೋಡಿದರು.

ರಾತ್ರಿ ಮೂಗಿಗೆ ಮಾಸ್ಕ್, ಅದಕ್ಕೊಂದು ಗಾಳಿಯ ಯಂತ್ರ. ಒಂದು ತಿಂಗಳು ಹಾಕಿ ಮಲಗಿ, ಡಾಕ್ಟರಮ್ಮ ಮತ್ತೆ ನೋಡಿ ಹೇಳುವವರೆಗೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ.

ಜುಲೈ 3, ಬುಧವಾರ

ತಾತನ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಮಾಸ್ಟರು ಜೊತೆಗೆ ಬಂದಿದ್ದರು. ತೋಳಿಲ್ಲದ ವೇಸ್ಟ್‌ಕೋಟು ಮಾಡಿಕೊಡುತ್ತೇವೆ ಅಂದರು. ತಾತ ಬಟ್ಟೆ ಸವರಿದರು. "ನಮ್ಮಣ್ಣನೂ ತೋಳು ಮಡಚಿಕೊಂಡೇ ಓಡಾಡ್ತಿದ್ದ. ಮಾಡಿ." ಅವರ ಮುಖ ನೋಡಲಾಗಲಿಲ್ಲ.

ಮನೆಯಲ್ಲಿ ಇನ್ನೊಂದು ರಾಮಾಯಣ. ಮಾಸ್ಕ್ ಕಿತ್ತೆಸೆಯುತ್ತಾರೆ. "ಆನೆ ಸೊಂಡಿಲು ಕಟ್ಟಿದ ಹಾಗಿದೆ." ಕೋಟಿನ ತೋಳೊಂದನ್ನು ಕೇಳಿ ತಂದು ಮಂಚದ ಮುಂದಿನ ಗೋಡೆಗೆ ನೇತುಹಾಕಿದ್ದೇನೆ. ಮಾಸ್ಕ್ ಕಿತ್ತಾಗಲೆಲ್ಲ ಅದರ ಕಡೆ ಬೆರಳು ತೋರಿಸಿದರೆ ಸಾಕು.

ಆಗಸ್ಟ್ 5, ಸೋಮವಾರ. ಸಂಜೆ

ಡಾಕ್ಟರಮ್ಮ ಶುಕ್ರವಾರವೇ ಒಪ್ಪಿಗೆ ಬರೆದುಕೊಟ್ಟಿದ್ದರು. ಶಾಲೆಯವರು ಅವತ್ತೇ ಸಂಜೆ ಕೀ ಕೊಟ್ಟರು. ಇವತ್ತು ಬೆಳಗ್ಗೆ ಹನ್ನೆರಡು ಮಕ್ಕಳ ಹೆಸರನ್ನೂ ಕಣ್ಣು ಮುಚ್ಚಿ ನನಗೆ ಒಪ್ಪಿಸಿ ಹೊರಟರು, ಪರೀಕ್ಷೆಗೆ ಹೋಗುವ ಹುಡುಗನ ಹಾಗೆ.

ನಾಲ್ಕೂವರೆಗೆ ಜುಟ್ಟಿನ ಹುಡುಗಿ ಅಂಗಡಿಗೆ ನುಗ್ಗಿದಳು. ಮುಖ ಊದಿಸಿಕೊಂಡಿದ್ದಳು.

"ಆಂಟಿ, ಆಟ ಕೆಟ್ಟೋಯ್ತು. ನಾವು ಬಾಯಿ ತೆಗೆಯೋದ್ರೊಳಗೆ ಅಂಕಲ್ಲೇ 'ಹಸಿರು' ಅಂತಾರೆ. ಕಿಟಕಿ ಸೀಟು ಯಾರಿಗೂ ಇಲ್ಲ!"

ಅವಳನ್ನು ಎತ್ತಿ ಮುದ್ದಿಟ್ಟೆ. ಯಾಕೆ ಅಂತ ಅವಳಿಗೆ ತಿಳಿಯಲಿಲ್ಲ.

ಆಗಸ್ಟ್ 11, ಭಾನುವಾರ. ಮಧ್ಯಾಹ್ನ 2.40

ಊಟ ಆಯಿತು. ಇವರು ಮಲಗಿದ್ದಾರೆ. ಹಗಲಿನ ನಿದ್ದೆಗೂ ಮಾಸ್ಕ್ ಹಾಕಬೇಕಂತೆ, ತಾವೇ ಹಾಕಿಕೊಂಡರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ. ನನಗೆ ಮಾತ್ರ ಚಿಂತೆ ಹೋದರೂ ನಿದ್ದೆ ಬಂದಿಲ್ಲ. ಕಿವಿ ಇನ್ನೂ ಕಾಯುತ್ತದೆ. ಎರಡು ವರ್ಷ ಎಣಿಸಿದ ಅಭ್ಯಾಸ, ಮಾಸ್ಕ್ ಹಾಕಿದ ಮಾತ್ರಕ್ಕೆ ಹೋಗುತ್ತದೆಯೇ? ಅದೂ ಹೋಗುತ್ತದೆ, ನಿಧಾನ ಅಂದಿದ್ದಾರೆ ಡಾಕ್ಟರಮ್ಮ.

ಅಡಿಪಟ್ಟಿಯನ್ನು ನಿನ್ನೆ ಅಂಗಡಿಗೆ ವಾಪಸ್ ಕೊಟ್ಟೆ.

ಪಕ್ಕದಲ್ಲೇ ಒರಗಿಕೊಂಡು ಬರೆಯುತ್ತಿದ್ದೇನೆ. ಉಸಿರು ಒಳಗೆ, ಹೊರಗೆ. ಎದೆ ಮೇಲೇಳುತ್ತದೆ, ಇಳಿಯುತ್ತದೆ. ಯಂತ್ರದ ಸಣ್ಣ ಸದ್ದು. ನಿಲ್ಲುತ್ತದೇನೋ ಅಂತ ಎಣಿಸಲು ಹೊರಟೆ... ಒಂದು... ಇಲ್ಲ, ನಿಲ್ಲಲಿಲ್ಲ. ಮತ್ತೆ ಒಂದು. ಎರಡಕ್ಕೆ ಹೋಗಲು ಬಿಡುತ್ತಲೇ ಇಲ್ಲ ಈ ಮನುಷ್ಯ. ರೆಪ್ಪೆ ಭಾರ. ಮತ್ತೆ ಒಂದು... ಸಂಜೆ ಎದ್ದ ಮೇಲೆ ಇವರಿಗೆ ಹೇಳಬೇಕು, ಇವತ್ತು ನಾನು ಒಂದರಿಂದ ಮುಂದೆ