ಚಕ್ರದಡಿಯ ನಿಂಬೆಹಣ್ಣು

೧೪-೧೧-೨೦೨೪, ಗುರುವಾರ

ಮಗ ಕೇಶವ ಇವತ್ತು ಮಾಡಿದ್ದನ್ನು ಇನ್ನೂ ನುಂಗಿಕೊಳ್ಳಲಾಗುತ್ತಿಲ್ಲ.

ಯಜಮಾನರ ಕೆಂಪು ಸ್ಪೋರ್ಟ್ಸ್ ಕಾರು ಚಿಂತಾಮಣಿ ರಸ್ತೆಯ ದಿಬ್ಬ ಹತ್ತದೆ ಬರೀ ಅರಚುತ್ತಿತ್ತು. ಕ್ಲಚ್ ಪ್ಲೇಟ್ ಸವೆದುಹೋಗಿತ್ತು. "ಹೊಸದು ಹಾಕಿಸ್ತೀನಿ ಕಣಮ್ಮ, ನೀನೇ ಓಡ್ಸುವಂತೆ" ಎಂದು ಅವನು ಹೇಳಿದಾಗ ನೆಂಟರೆದುರು ಅವನನ್ನು ಹೊಗಳಿದ್ದೆ. ಅದೇ ಈಗ ಚುಚ್ಚುತ್ತಿದೆ.

ಬೆಳಿಗ್ಗೆ ಲಾಲ್ ಬಾಷಾ ಮೇಸ್ತ್ರಿ ಚಿಕ್ಕಬಳ್ಳಾಪುರದ ಗ್ಯಾರೇಜಿನಿಂದ ಕಾರು ತಂದು ನಿಲ್ಲಿಸಿ, "ಕ್ಲಚ್ ಪೆಡಲ್ ಒತ್ತಿ ನೋಡಿ ಅಮ್ಮ, ಬೆಣ್ಣೆ ಥರ ಆಗೈತೆ" ಎಂದರು. ಒತ್ತಿದೆ. ಯಜಮಾನರ ಪಕ್ಕ ಕೂತು ಓಡಿಸಲು ಕಲಿತಾಗಲೂ ಅದು ಅಷ್ಟು ಹಗುರವಿರಲಿಲ್ಲ. ನಾನೇ ಕುಂಕುಮವಿಟ್ಟು, ಆರತಿ ಎತ್ತಿ, ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟೆ. ಅವುಗಳ ಮೇಲೆ ಗಾಡಿ ಹತ್ತಿಸಬೇಕಾದವಳು ನಾನು. ಆರತಿ ತಟ್ಟೆ ಒಳಗಿಟ್ಟು ಬರುವಷ್ಟರಲ್ಲಿ ಯಾರೋ ಅಪರಿಚಿತ ಸ್ಟೀರಿಂಗ್ ಹಿಡಿದು ಕೂತಿದ್ದ.

"ಅವ್ರೇ ಹತ್ತಿಸ್ಲಿ ಬಿಡಮ್ಮ, ಗಾಡಿ ಅವ್ರಿಗೆ ಮಾರಿದೀನಿ" ಎಂದ ಕೇಶವ. "ಕ್ಲಚ್ ಸರಿಯಿಲ್ದಿದ್ರೆ ಯಾರು ತಗೋತಾರೆ?"

ಯಜಮಾನರು ತೀರಿಕೊಂಡ ಮೇಲೆ ಕಾರನ್ನು ಅವನ ಹೆಸರಿಗೆ ಬರೆಸಿದವಳೂ ನಾನೇ. ಹೊರಗಿನವರ ಮುಂದೆ ಅಳುವ ಅಭ್ಯಾಸ ನನಗಿಲ್ಲ. ಬಗ್ಗಿ ನಾಲ್ಕೂ ನಿಂಬೆಹಣ್ಣು ತೆಗೆದುಕೊಂಡೆ.

"ಅಪಶಕುನ ಕಣಮ್ಮ!"

"ಪೂಜೆ ಮಾಡಿದ್ದು ನನ್ನ ಗಾಡಿಗೆ ಕಣೋ. ಅವ್ರಿಗೆ ಬೇಕಿದ್ರೆ ಅವ್ರ ಮನೇಲಿ ಮಾಡ್ಕೊಳ್ಲಿ."

ಕಾರು ಹೋಯಿತು. ರಾತ್ರಿ ಕೇಶವ ಊಟಕ್ಕೆ ಕರೆದ. ಹೋಗಲಿಲ್ಲ. ನಾಳೆ ಅದೇ ಹಣ್ಣು ಚಿತ್ರಾನ್ನಕ್ಕೆ ಹಿಂಡಿ ಅವನಿಗೆ ಬಡಿಸುತ್ತೇನೆ. ತಿನ್ನಲಿ.

ಎಡಗಾಲಿನಲ್ಲಿ ಇನ್ನೂ ಆ ಪೆಡಲ್ಲಿನ ಹಗುರ...